ಹೊಸ ಚುಕ್ಕಿಯ ಮಳೆ

ನನ್ನ ಸೋದರಮಾವನ ಬಲಗೈ ನಡುಬೆರಳು ಸುಮ್ಮನಿದ್ದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ತೆಲುಗು ಗಡಿಯ ನಮ್ಮ ಕೋಸಗಿ ಸ್ಟೇಷನ್ನಿನಲ್ಲಿ ಗಿಡ್ಡ ಬಡಿತ, ಉದ್ದ ಬಡಿತ ಕೂಡಿಸಿ ತಂತಿ ಕಳಿಸುವ ಬಾಬು ಅವನು. ಮನೆಗೆ ಬಂದರೂ ತಂಬಿಗೆ, ಹೊಸ್ತಿಲು, ಕೊನೆಗೆ ತನ್ನ ಮೊಣಕಾಲನ್ನೂ ಬಿಡದೆ ಕಟಕಟ ಬಡಿಯುತ್ತಿದ್ದ. "ರೊಟ್ಟಿ ತಿನ್ನೋ, ತಾಟಿಗೆ ತಂತಿ ಹೊಡೀಬ್ಯಾಡ," ಎಂದು ಅವನ ಅಕ್ಕ, ಅಂದರೆ ನಮ್ಮವ್ವ, ಬೈಯುತ್ತಿದ್ದಳು. ಕೂತಲ್ಲಿ ಕೂರುವ ಜೀವವೇ ಅಲ್ಲ. ಒಂದು ಸುದ್ದಿ ಸಿಕ್ಕರಂತೂ ಯಾರಿಗಾದರೂ ಹೇಳುವ ತನಕ ಅನ್ನ ಇಳಿಯದು.

ರಷ್ಯಾದವರು ಆಕಾಶಕ್ಕೆ ಚಂಡು ಹಾರಿಸಿದ ಸುದ್ದಿ ನಮ್ಮೂರಿಗೆ ತಂದವನೂ ಅವನೇ. ಐವತ್ತೇಳರ ಆ ಹಿಂಗಾರಿನಲ್ಲಿ ಹಸ್ತದ ಮಳೆ ಚೆನ್ನಾಗಿ ಬಿದ್ದು ಹೊಲ ಹದವಾಗಿತ್ತು. ಒಂದು ನಸುಕಿನಲ್ಲಿ ನಮ್ಮನ್ನೆಲ್ಲ ಮಾಳಿಗೆ ಹತ್ತಿಸಿ, ಸರಸರ ಸರಿದು ಹೋದ ಚುಕ್ಕಿಯನ್ನು ತೋರಿಸಿದ. ಅಪ್ಪ ನೋಡಿದ. ಕೆಳಗಿಳಿದವನೇ ಬಿತ್ತಲು ತೆಗೆದಿಟ್ಟಿದ್ದ ಕೂರಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸಿದ.

"ಹಸ್ತಕ್ಕ ಹಸ್ತದ ಮಳಿ, ಚಿತ್ತಿಗೆ ಚಿತ್ತಿ ಮಳಿ. ಈ ಹೊಸಾ ಚುಕ್ಕಿಗೂ ಒಂದು ಮಳಿ ಇದ್ದೇ ಇರ್ತೈತಿ. ಈಗ ಬಿತ್ತಿದ್ರ ಬೀಜ ಕೊಚ್ಚಿ ಹೋಗ್ತಾವ. ಅದು ಬಂದು ಹೋಗ್ಲಿ."

ಮಳೆಗೆಲ್ಲ ನಕ್ಷತ್ರದ ಹೆಸರಿಟ್ಟುಕೊಂಡ ನಮಗೆ ಅದು ಸರಿಯೆಂದೇ ಕಂಡಿತು. ಮಾವ ಮಾತ್ರ ಗಾಬರಿಯಾದ. ತಾನು ತಂದ ಸುದ್ದಿಯಿಂದ ಅಕ್ಕನ ಮನೆಯ ವರ್ಷದ ಜೋಳ ಹೋಗುತ್ತದಲ್ಲ! ದಿನಾ ಡ್ಯೂಟಿ ಮುಗಿಸಿ ನಡೆದು ಬರುವನು, ಹೊಲದ ಮಣ್ಣು ಹಿಚುಕಿ ನೋಡುವನು, ಅಪ್ಪನ ಮುಂದೆ ಅತ್ತಿಂದಿತ್ತ ತಿರುಗುವನು.

"ಭಾವ, ಹಸಿ ಆರಾಕತ್ತೈತಿ. ಅದು ಚುಕ್ಕಿ ಅಲ್ಲ, ಮನಷಾ ಮಾಡಿದ್ದು. ಅದಕ್ಕ ಮಳಿ ಇಲ್ಲ."

"ಮಳಿ ಇಲ್ಲಾಂದ್ರ ಮತ್ತ ಏಮಿ ಲಾಭಂ? ಅಷ್ಟು ಕಷ್ಟಪಟ್ಟು ಯಾಕ ಹಾರ್ಸಿದ್ರು?"

ತಿರುಗುತ್ತಿದ್ದ ಮಾವ ನಿಂತ. "ಆದೋನಿ ಬಿಟ್ಟ ರೈಲು ನನ್ನ ಕಣ್ಣಿಗೆ ಕಾಣಂಗಿಲ್ಲ. ತಂತಿ ಬಂತಂದ್ರ ತಿಳೀತೈತಿ, ಗೇಟು ಹಾಕಸ್ತೀನಿ. ಮುಂದೊಂದು ದಿನ ಇಂಥಾದ್ದು ಮ್ಯಾಲಿಂದ ಮೋಡಾ ನೋಡ್ತೈತಿ. ಮಳಿ ಯಾವ ಊರು ಬಿಟ್ಟೈತಿ, ಎತ್ತ ಹೊಂಟೈತಿ ಅಂತ ನಮಗ ತಂತಿ ಕೊಡ್ತೈತಿ."

"ರೈಲಿಗೆ ಹಳಿ ಐತಿ. ಮಳಿಗೆ ಏನೈತ್ರಿ, ತಂತಿ ಸಾಹೇಬ್ರ?"

 ಮರುದಿನ ರಜೆ ಹಾಕಿ ಬಂದ ಮಾವ ತಾನೇ ಕೂರಿಗೆ ಇಳಿಸಿ, ಬೀಜ ತುಂಬಿಕೊಂಡು ನಡುವಿಗೆ ಉಡಿ ಕಟ್ಟಿದ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವುದು ನಮ್ಮ ಕಡೆ ಹೆಣ್ಣುಮಕ್ಕಳ ಕೆಲಸ. ಹೆಂಡತಿಯ ತಮ್ಮ, ಅದೂ ರೈಲ್ವೆ ಬಾಬು, ಉಡಿ ಕಟ್ಟಿ ಓಣಿಯಲ್ಲಿ ಹೊರಟರೆ ಅಪ್ಪನ ಮರ್ಯಾದೆ ಏನಾಗಬೇಕು? ಅಪ್ಪ ಬೈಯುತ್ತಲೇ ಎತ್ತು ಹೂಡಿದ. ಬೀಜ ನಾವು ಬಿಡುತ್ತೇವೆಂದು ಅವ್ವ, ನಾನು ಎಷ್ಟು ಬೇಡಿಕೊಂಡರೂ ಮಾವ ಉಡಿ ಬಿಚ್ಚಲಿಲ್ಲ.

"ಹುಟ್ಟಲಿಲ್ಲಾಂದ್ರ ತಪ್ಪು ನಂದು. ಬೀಜಾನೂ ನಾನೇ ಬಿಡ್ತೀನಿ."

ಆಮೇಲೆ ಒಂದು ಹನಿಯೂ ಬೀಳಲಿಲ್ಲ. ನೆಲದಲ್ಲಿದ್ದ ಹಸಿಗೇ ಜೋಳ ಹುಟ್ಟಿತು. ಆದರೆ ಆ ಬೆರಳು ಎಲ್ಲಿ ಸುಮ್ಮನಿದ್ದೀತು! ಸಾಲಿನಲ್ಲಿ ಇಲ್ಲೊಂದು ಸಣ್ಣ ಗುಂಪು, ಆಮೇಲೆ ಬಯಲು, ಮತ್ತೆ ಉದ್ದಕ್ಕೆ ದಟ್ಟ. ಹೊಲದ ತುಂಬ ತಂತಿ ಹೊಡೆದಿಟ್ಟಿದ್ದ. ದಾರಿಹೋಕರು ನಿಂತು ನಗುತ್ತಿದ್ದರು, ಅಪ್ಪನೂ ನಕ್ಕ. ಆ ವರ್ಷ ನಾವು ತಿಂದದ್ದು ಆ ಜೋಳದ ರೊಟ್ಟಿಯನ್ನೇ.

ನಮ್ಮ ದೇಶದ ಉಪಗ್ರಹ ಮೇಲೇರಿ ಮೋಡ ನೋಡುವ ಮೊದಲೇ ಮಾವ ತೀರಿಕೊಂಡ. ಆ ಬೆರಳು ಸುಮ್ಮನಿದ್ದದ್ದನ್ನು ಕಂಡದ್ದು ಅಂದೇ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅವನ ಮಾತು ಸರಿಯಾಗಿತ್ತೆಂದು ಅಪ್ಪ ಎಂದೂ ಬಾಯಿಬಿಟ್ಟು ಒಪ್ಪಲಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ತವರಿಗೆ ಹೋದಾಗ ನೋಡಿದೆ: ರೇಡಿಯೋದಲ್ಲಿ ಉಪಗ್ರಹ ಕಳಿಸಿದ ಚಿತ್ರದ ಮೇಲಿಂದ ಮಳೆಯ ಸುದ್ದಿ ಹೇಳತೊಡಗಿದರು, ಮಕ್ಕಳು ಗದ್ದಲ ಮಾಡುತ್ತಿದ್ದರು. ಮುದುಕ ಅಪ್ಪ ಕೈಯೆತ್ತಿ ನಮ್ಮನ್ನೆಲ್ಲ ಗದರಿದ:

"ಏ, ಸುಮ್ನಿರ್ರಿ. ನಿಮ್ಮ ಮಾವ ಮಾತಾಡಾಕತ್ಯಾನ."