ಮೂರು ಗುಂಡಿಯ ಹೊಗೆ

ನಮ್ಮ ಕಾಲೇಜಿನವರು ಇಡೀ ಪ್ರಪಂಚವನ್ನು ಚೀಟಿ ಮಾಡಿ ಒಂದು ಸ್ಟೀಲ್ ಡಬ್ಬಿಗೆ ಹಾಕಿದ್ದರು. ಯಾರಿಗೆ ಯಾವ ದೇಶ ಬರುತ್ತದೋ, ಆ ದೇಶ ವರ್ಷಕ್ಕೆ ಎಷ್ಟು ಇಂಗಾಲ ಬಿಡುತ್ತದೆ, ಬೇಸಾಯದಿಂದ ಎಷ್ಟು, ಗಾಡಿಗಳಿಂದ ಎಷ್ಟು, ಕಾರ್ಖಾನೆಯಿಂದ ಎಷ್ಟು, ಅದನ್ನು ಇಳಿಸುವುದು ಹೇಗೆ ಎಂದು ಅವರು ತುಮಕೂರಿನ ವಿಜ್ಞಾನ ಮೇಳಕ್ಕೆ ಚಾರ್ಟ್ ಬರೆಯಬೇಕು. ನಾನು ಕ್ಯಾಂಟೀನಿನಲ್ಲಿ ಎರಡನೇ ಪ್ಲೇಟ್ ತಟ್ಟೆ ಇಡ್ಲಿ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಖಾಲಿ. ಶೆಟ್ಟಿಹಳ್ಳಿಯ ರೂಮಿನಲ್ಲಿ ನನ್ನ ಜೊತೆಗಿದ್ದವನಿಗೆ ಅಮೆರಿಕ ಸಿಕ್ಕಿತ್ತು. ಅಜ್ಜನ ಕಾಲದ ಆಸ್ತಿ ಪತ್ರದಂತೆ ಅವನು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡ.

"ನೀನ್ ನಿಮ್ಮೂರನ್ನೇ ಮಾಡಪ್ಪ. ಅಲ್ಲೇನ್ ಹೊಗೆ ಬರಲ್ವಾ?" ಎಂದರು ನಮ್ಮ ಮೇಷ್ಟ್ರು.

ಹೀಗೆ ಇಡೀ ಕ್ಲಾಸಿನಲ್ಲಿ ಪ್ರೈವೇಟ್ ಬಸ್ಸಿನಲ್ಲಿ ಹೋಗಿಬರಬಹುದಾದ ದೇಶ ನನ್ನದೊಂದೇ ಆಯಿತು. ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆಗೆ ಹೋದರೆ ತೆಂಗಿನ ತೋಟಗಳ ನಡುವೆ ಸಿಗುವ ಊರು ನಮ್ಮದು. ಎರಡು ದಿನ ಅಲೆದು ಎಲ್ಲವನ್ನೂ ಎಣಿಸಿದೆ. ಸೀಮೆಹಸುಗಳು, ಟ್ರ್ಯಾಕ್ಟರುಗಳು, ಬೈಕುಗಳು, ಸೌದೆ ಒಲೆಗಳು. ಹಸುವಿನ ತೇಗನ್ನು ಬಲೂನಿನಲ್ಲಿ ಹಿಡಿದೆ ಎಂದು ಆಮೇಲೆ ತೀರ್ಪುಗಾರರಿಗೆ ಹೇಳಿದ್ದು ಮಾತ್ರ ಸುಳ್ಳು. ಬಲೂನನ್ನು ಹಸು ತಿಂದುಹಾಕಿತ್ತು.

ಚಾರ್ಟಿನ ಮೇಲೆ ಇಟ್ಟು ನೋಡಿದರೆ ಅವಮಾನ. ಅಮೆರಿಕದ ಕಂಬ ಹಾಳೆ ಸಾಲದೆ ಇನ್ನೊಂದು ಹಾಳೆ ಅಂಟಿಸಿಕೊಂಡು ನಿಂತಿತ್ತು. ನಮ್ಮೂರಿನದು ಪೆನ್ಸಿಲ್ ತಗುಲಿ ಆದ ಗೀಟಿನಂತಿತ್ತು. ರೂಮಿನವನು ಅದನ್ನು ರಬ್ಬರಿನಿಂದ ಉಜ್ಜಲು ಬಂದ.

"ಇದೇನ್ಲಾ, ಕೊಳೆ ಆಗಿದೆ?" ಎಂದ.

"ನಮ್ಮೂರು ಕಣೋ ಅದು."

ಅವನು ನಕ್ಕಿದ್ದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ನನಗೊಬ್ಬ ವಿಲನ್ ಬೇಕಾಗಿತ್ತು. ಆಗ ನೆನಪಾದದ್ದು ಅತ್ತೆಯ ಗುಂಡಿ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಊರಿಗೆ ವಾಪಸ್ ಬಂದು, ತೋಟದ ಮೂಲೆಯಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತಿದ್ದರು. ಅದೊಂದೇ ಅವರ ಜೀವನ. ಆಳೆತ್ತರದ ಮೂರು ಗುಂಡಿ. ತಳದಲ್ಲಿ ಬೆಂಕಿ ಹಚ್ಚಿ, ಚಿಪ್ಪನ್ನು ಪದರ ಪದರವಾಗಿ ತುಂಬುತ್ತಾ ಬರಬೇಕು. ಬಿಳಿ ಹೊಗೆ ತೆಳ್ಳಗಾದ ಗಳಿಗೆಗೆ ಸರಿಯಾಗಿ ತಗಡು ಮುಚ್ಚಿ ಸುತ್ತ ಹಸಿ ಮಣ್ಣು ಮೆತ್ತಬೇಕು. ಎಲ್ಲಾದರೂ ಗಾಳಿ ಹೊಕ್ಕರೆ ಇದ್ದಿಲೆಲ್ಲ ಬೂದಿ. ಹಾಗಾಗಿ ಒಂದು ಗುಂಡಿ ಉರಿಯುವಾಗ ಇನ್ನೊಂದು ಮುಚ್ಚಿಕೊಂಡು ಆರುತ್ತಿರುತ್ತದೆ, ಮೂರನೆಯದರಿಂದ ಇದ್ದಿಲು ತೆಗೆಯುತ್ತಿರುತ್ತಾರೆ.

"ಮೂರೂ ಒಟ್ಗೆ ಹಚ್ಬಾರ್ದಾ ಅತ್ತೆ?" ಎಂದು ಮೊಬೈಲ್ ಹಿಡಿದುಕೊಂಡೇ ಕೇಳಿದೆ.

"ಹಚ್ಚಿದ್ರೆ ಮುಚ್ಚೋರ್ ಯಾರ್ಲಾ, ನಿಮ್ಮಪ್ಪ ಬತ್ತಾನಾ? ನಂಗಿರೋದು ಎರಡೇ ಕೈ."

"ಇದ್ರ ಹೊಗೆ ಎಷ್ಟು ಅಂತ ಲೆಕ್ಕ ಹಾಕ್ತಿದೀನಿ."

"ಹಾಕು. ಆ ಹೈವೇಲಿ ಹೋಗೋ ಲಾರಿಗೊಳ್ನೆಲ್ಲ ಎಣಿಸಿದ್ಯಾ?"

"ಅದು ಬೇರೆಯವ್ರ ಚೀಟಿ, ಅತ್ತೆ."

ಮೂರು ದಿನ ಉಳಿದು, ಆಯಾ ದಿನ ಉರಿಯುತ್ತಿದ್ದ ಒಂದೊಂದೇ ಗುಂಡಿಯ ವಿಡಿಯೋ ತೆಗೆದೆ. ಆಮೇಲೆ ಮೂರನ್ನೂ ಅಕ್ಕಪಕ್ಕ ಜೋಡಿಸಿ, ಮೂರೂ ಒಟ್ಟಿಗೆ, ದಿನಾಲೂ, ವರ್ಷವಿಡೀ ಉರಿಯುತ್ತವೆ ಎಂದು ಲೆಕ್ಕ ಹಾಕಿದೆ. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ನಮ್ಮೂರಿನ ಗೀಟು ಎದ್ದು ಕೆಂಪು ಕಂಬವಾಯಿತು. ಮೇಳದಲ್ಲಿ ಕೆಮ್ಮಿ ಕೆಮ್ಮಿ ಭಾಷಣ ಮಾಡಿದೆ. ಒಬ್ಬ ತೀರ್ಪುಗಾರರು ನನಗೆ ನೀರು ತರಿಸಿದರು. ಫಸ್ಟ್ ಪ್ರೈಜ್ ನನಗೇ ಬಂತು. ಅಮೆರಿಕಕ್ಕೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ವಿಡಿಯೋ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಹೋಯಿತು, ಅಲ್ಲಿಂದ ಪಂಚಾಯ್ತಿಗೆ. ಹೊಗೆ ಇಳಿಸಿದ ಊರು ಎಂದು ಹೆಸರು ತೆಗೆದುಕೊಳ್ಳುವ ಆಸೆ ಅವರಿಗಿತ್ತು. ಹಸುಗಳು ಎಲ್ಲರ ಮನೆಯಲ್ಲೂ ಇದ್ದವು. ಟ್ರ್ಯಾಕ್ಟರುಗಳು ಸದಸ್ಯರ ಮನೆಯಲ್ಲಿದ್ದವು. ಗುಂಡಿ ಇದ್ದದ್ದು ಅತ್ತೆಗೆ ಮಾತ್ರ. ಮುಚ್ಚಬೇಕೆಂದು ನೋಟಿಸ್ ಬಂತು. ಹೇಳುವುದೇನಾದರೂ ಇದ್ದರೆ ಗುರುವಾರ ಮಧ್ಯಾಹ್ನದ ಸಭೆಗೆ ಬಂದು ಹೇಳಬೇಕಂತೆ.

ಅತ್ತೆ ಫೋನ್ ಮಾಡಿದರು. ಬೈಯಲಿಲ್ಲ. "ಎಣಿಸ್ದೋನು ನೀನೇ ಅಲ್ವೇನ್ಲಾ. ಉರಿಯೋದು ಒಂದೇ ಅಂತ ಬಂದು ಹೇಳ್ಬುಡು. ನಾನ್ ಹೇಳಿದ್ರೆ ಯಾರೂ ನಂಬ್ತಿಲ್ಲ."

"ಗುರುವಾರ ಕುಣಿಗಲ್‌ಗೆ ಕರ್ದವ್ರೆ ಅತ್ತೆ. ಅಲ್ಲೂ ಒಂದು ಮೇಳ, ಅದೇ ಚಾರ್ಟ್ ತೋರಿಸ್ಬೇಕು."

"ಎಷ್ಟೊತ್ಗೆ ಮುಗಿಯುತ್ತೆ?"

"ಸಂಜೆ ಆಗುತ್ತೆ."

ಮುಗಿದದ್ದು ಬೆಳಗ್ಗೆ ಹನ್ನೊಂದೂವರೆಗೆ. ಊಟ ಇದೆ ಎಂದರು, ಉಳಿದೆ. ಶಾಲು ಹೊದಿಸುತ್ತಾರೆ ಎಂದರು, ಮತ್ತೂ ಉಳಿದೆ. ಹುಲಿಯೂರುದುರ್ಗದಿಂದ ಬಂದಿದ್ದ ಹೈಸ್ಕೂಲ್ ಮಕ್ಕಳಿಗೆ ನನ್ನ ಕೆಮ್ಮು ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ ಕೆಮ್ಮಿಸಿದರು.

ಶನಿವಾರ ಊರಿಗೆ ಹೋದಾಗ ಜೆಸಿಬಿ ಮೂರನೇ ಗುಂಡಿಯ ಮೇಲೆ ಮಣ್ಣು ಸಮ ಮಾಡುತ್ತಿತ್ತು. ಅದರ ಕೊಳವೆಯಿಂದ ಬರುತ್ತಿದ್ದ ಹೊಗೆ ನನ್ನ ವಿಡಿಯೋದಲ್ಲಿದ್ದದ್ದಕ್ಕಿಂತ ಕಪ್ಪಗಿತ್ತು. ಅತ್ತೆ ತಗಡುಗಳನ್ನು ಗೋಡೆಗೆ ಒರಗಿಸಿ ನಿಂತಿದ್ದರು.

"ಗುಂಡಿ ಏನು, ಮತ್ತೆ ತೋಡ್ಕೋಬೋದು," ಎಂದರು. "ಲೆಕ್ಕ ತಪ್ಪಾಗಿತ್ತು ಅಂತ ನೀನ್ ಬರ್ಕೊಟ್ರೆ ಒಂದು ಗುಂಡಿಗೆ ಒಪ್ತಾರಂತೆ. ಈ ತಿಂಗ್ಳೊಳ್ಗೆ ಕೊಡ್ಬೇಕಂತೆ."

ಅಲ್ಲೇ ಕೂತು ಬರೆದೆ. ಮೂರು ವಿಡಿಯೋ ಮೂರು ಬೇರೆ ಬೇರೆ ದಿನದ್ದು, ಬೇಕೆಂದೇ ಸೇರಿಸಿದೆ ಎಂದು ಬರೆದೆ. ನನ್ನ ಜೀವನದಲ್ಲಿ ಏನನ್ನೂ ಸೇರಿಸದೆ ಬರೆದ ಮೊದಲ ಕಾಗದ ಅದು. ಪಂಚಾಯ್ತಿಯ ಕಾರ್ಯದರ್ಶಿ ಓದಿ ವಾಪಸ್ ಕೊಟ್ಟರು. "ನಿಂಗಿನ್ನೂ ಹದಿನೆಂಟು ತುಂಬಿಲ್ವಲ್ಲಪ್ಪ. ನಿಮ್ಮಪ್ಪನ ಸೈನ್ ಹಾಕ್ಸ್ಕೊಂಡ್ ಬಾ."

ಅಪ್ಪ ನಡುಮನೆಯಲ್ಲಿ ಕೂತಿದ್ದರು. ನಾನು ಬಹುಮಾನ ತೆಗೆದುಕೊಳ್ಳುತ್ತಿರುವ ಫೋಟೋಗೆ ಅವರು ಆಗಲೇ ಕಟ್ಟು ಹಾಕಿಸಿದ್ದರು. ಕಾಗದವನ್ನು ಎರಡು ಸಲ ಓದಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಹುಟ್ಟಿ ಇಲ್ಲೀವರ್ಗೂ ಒಂದ್ಸಲ ಫಸ್ಟ್ ಬಂದವ್ನೆ," ಎಂದರು ಅಪ್ಪ, ಅತ್ತೆಯ ಕಡೆ ನೋಡದೆ. "ಅದೂ ಸುಳ್ಳು ಅಂತ ನಾನೇ ಸೈನ್ ಹಾಕ್ಲಾ? ಊರೋರ್ ಮುಂದೆ ಹೆಂಗಕ್ಕ ಓಡಾಡ್ಲಿ?"

ಮಾತಿಗಿಳಿದರೆ ಹನ್ನೊಂದೂವರೆಗೇ ಮುಗಿದಿದ್ದ ಕುಣಿಗಲ್ಲಿನ ಮಾತೂ ಬರುತ್ತದೆಂದು ನಾನು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

"ಸರಿ ಬುಡು," ಎಂದು ಅತ್ತೆ ಹೊರಟುಹೋದರು.

ತಿಂಗಳು ಮುಗಿಯಿತು. ಇದ್ದಿಲು ಮಾಡುವವರಿಲ್ಲದೆ ಊರಿನವರು ಚಿಪ್ಪನ್ನು ತೋಟದ ಬದುವಿನಲ್ಲಿ ಗುಡ್ಡೆ ಹಾಕಿ ಹಾಗೇ ಸುಡುತ್ತಿದ್ದಾರೆ. ಅದನ್ನು ಯಾರೂ ಎಣಿಸುವುದಿಲ್ಲ. ಅತ್ತೆ ಈಗ ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತಿ ತುಮಕೂರಿಗೆ ಹೋಗುತ್ತಾರೆ, ನಮ್ಮ ಮನೆಗೆ ಬರುವುದಿಲ್ಲ. ಹೋದ ವಾರ ಮೇಷ್ಟ್ರು ಇನ್ನೊಂದು ಫಾರಂ ಕೊಟ್ಟರು. ಗುಂಡಿ ಮುಚ್ಚಿಸಿದ್ದರಿಂದ ನಮ್ಮೂರಿನ ಹೊಗೆ ಎಷ್ಟು ಇಳಿಯಿತು ಎಂದು ತುಂಬಿ ಕಳಿಸಬೇಕಂತೆ, ರಾಜ್ಯ ಮಟ್ಟಕ್ಕೆ. ಮೂರು ಗುಂಡಿಯದ್ದು ಇಳಿಯಿತು ಎಂದು ಬರೆದೆ. ಎರಡು ಗುಂಡಿಯ ಹೊಗೆ ಎಂದೂ ಇರಲೇ ಇಲ್ಲ, ಅದೂ ಇಳಿಯಿತು. ಕೆಳಗೆ ಪೋಷಕರ ಸಹಿಗೆ ಜಾಗವಿತ್ತು. ಅಪ್ಪ ಅದನ್ನು ಓದದೆಯೇ ಸಹಿ ಹಾಕಿದರು.