ಬಿಚ್ಚದೆ ಬಂದ ಗುಂಡಿಗಳು

ಬೆಳಗಿನ ಐದೂವರೆ. ಚಪ್ಪಲಿ ಕಾರ್ಖಾನೆಯ ಹಿಂಬದಿಯ ಒಗೆತದ ಕೋಣೆಯಲ್ಲಿ ಕೋಟಕ್ಕ ಆಗಲೇ ಟೊಂಕ ಕಟ್ಟಿ ನಿಂತಿದ್ದಾರೆ. ಮೆಷಿನ್ನಿಗೆ ಹಾಕುವ ಮೊದಲು ಕೆಲಸಗಾರರ ನೀಲಿ ಕೋಟುಗಳ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ದಿನಕ್ಕೆ ನೂರಿಪ್ಪತ್ತು ಕೋಟು, ಹದಿಮೂರು ವರ್ಷದಿಂದ. ಒಗೆದು, ಇಸ್ತ್ರಿ ಮಾಡಿ, ಮೇಲಿನದೊಂದು ಬಿಟ್ಟು ಉಳಿದ ನಾಲ್ಕೂ ಗುಂಡಿ ಹಾಕಿ ಮಡಚಿಡುವುದು ಇವರ ಕ್ರಮ.

ಹೊಗಳಲು ಹೋದರೆ ಅವರೇ ಅಡ್ಡ ಬರುತ್ತಾರೆ. "ನಂಗೆ ಹೊಟ್ಟೆಕಿಚ್ಚು ಜಾಸ್ತಿ. ಅದನ್ನೂ ಬರ್ಕೊಳ್ಳಿ."

ಕಿಚ್ಚೆಲ್ಲ ಓರಗಿತ್ತಿಯ ಮೇಲೆ. ಅಟ್ಟೆಗೆ ಅಂಟು ಬಳಿಯುವ ಕೋಣೆಯಲ್ಲಿ ಕುರ್ಚಿಯೊಂದು ಖಾಲಿಯಾದಾಗ ಕೋಟಕ್ಕ ಅದರ ಮೇಲೆ ಕಣ್ಣಿಟ್ಟಿದ್ದರು. ಕೂತು ಮಾಡುವ ಕೆಲಸ, ಏಸಿ ಬೇರೆ. ಸೂಪರ್‌ವೈಸರ್ ವಯಸ್ಸಿನ ನೆಪ ಹೇಳಿ ಇವರದೇ ಮನೆಯ ಕಿರಿಸೊಸೆಯನ್ನು ಕೂರಿಸಿದ. "ನಾನಿಲ್ಲಿ ಬಿಸಿನೀರಲ್ಲಿ ಬೇಯೋದು, ಅವಳಲ್ಲಿ ತಣ್ಣಗೆ ಕೂರೋದು. ಮನೇಗೆ ಹೋದ್ರೆ ಅತ್ತೆ ಬಾಯಲ್ಲೂ ಅವಳದೇ ಗುಣಗಾನ. ಮೈಯೆಲ್ಲಾ ಉರಿ!"

ವರ್ಷದ ಆರಂಭದಲ್ಲಿ ಓರಗಿತ್ತಿಯ ಕೋಟು ಹಾಕಿದ ಗುಂಡಿ ಹಾಕಿದಂತೆಯೇ ಒಗೆತಕ್ಕೆ ಬರತೊಡಗಿತು. ತಲೆಯಿಂದಲೇ ತೊಟ್ಟು, ತಲೆಯಿಂದಲೇ ಎಳೆದು ಬಿಸಾಡಿದ್ದಾಳೆ. ಕೋಟಕ್ಕನ ಪಿತ್ತ ನೆತ್ತಿಗೇರಿತು. "ಮಹಾರಾಣಿಗೆ ಗುಂಡಿ ಬಿಚ್ಚೋಕೂ ನಾನೇ ಬೇಕಾ ಅಂತ ಮೂರು ವಾರ ಬೈಕೊಂಡೇ ಬಿಚ್ಚಿದೆ."

ನಾಲ್ಕನೇ ವಾರ ಇನ್ನೂ ನಾಲ್ಕು ಕೋಟು ಹಾಗೆಯೇ ಬಂದವು. ಕೋಟಿನ ಮೇಲಿನ ನಂಬರು ನೋಡಿದರೆ ಎಲ್ಲವೂ ಅಂಟು ಕೋಣೆಯವೇ. "ಐದು ಜನಕ್ಕೂ ಒಟ್ಟಿಗೇ ಕೊಬ್ಬು ಬರುತ್ತಾ?" ಎಂದು ಕೋಟಕ್ಕನಿಗೆ ಅನುಮಾನ ಬಂತು. ಆ ಸಂಜೆ ಮನೆಯಲ್ಲಿ ಓರಗಿತ್ತಿಯ ಮುಂದೆ ಕೋಟು ಹಿಡಿದು, "ಎಲ್ಲಿ, ಬಿಚ್ಚು ನೋಡೋಣ" ಎಂದರು. ಆಕೆಯ ಬೆರಳು ಗುಂಡಿಯ ಮೇಲೆ ಜಾರಿತು, ಮತ್ತೆ ಜಾರಿತು.

"ಬೆರಳೆಲ್ಲ ಜೋಮು ಹಿಡಿದ ಹಾಗಿದೆ ಅಕ್ಕ. ಕಾಲಿಂದ ಚಪ್ಪಲಿ ಕಳಚಿದ್ರೂ ಗೊತ್ತಾಗಲ್ಲ. ಹೇಳಿದ್ರೆ ಕುರ್ಚಿ ಹೋಗುತ್ತೆ ಅಂತ ಸುಮ್ನಿದ್ದೆ" ಎಂದು ಅವಳು ಅತ್ತುಬಿಟ್ಟಳು.

ಮರುದಿನ ಐದೂ ಕೋಟನ್ನು ತೋಳಿಗೆ ಹಾಕಿಕೊಂಡು, ಓರಗಿತ್ತಿಯನ್ನೂ ಎಳೆದುಕೊಂಡು ಕೋಟಕ್ಕ ಕಾರ್ಖಾನೆಯ ವೈದ್ಯರ ಮುಂದೆ ನಿಂತರು. ವೈದ್ಯರು ವಿಚಾರಿಸಿದಾಗ ಕಾರಣ ಹೊರಬಿತ್ತು. ತಂಪು ಹೋಗದಿರಲೆಂದು ಅಂಟು ಕೋಣೆಯ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ್ದರು. ಅಂಟು ಆರುವಾಗ ಏಳುವ ಆವಿ ಅಲ್ಲೇ ಸುತ್ತುತ್ತ, ಉಸಿರಿನೊಂದಿಗೆ ಒಳಹೋಗಿ ಕೈಕಾಲಿನ ನರಗಳನ್ನು ಕೆಡಿಸುತ್ತಿತ್ತು. ವಾಸನೆ ಮೂಗಿಗೆ ರೂಢಿಯಾಗಿದ್ದರಿಂದ ಯಾರೂ ದೂರಿರಲಿಲ್ಲ. ಈಗ ಅಂಟು ಬದಲಾಗಿದೆ, ಆವಿ ಹೊರಹಾಕುವ ಫ್ಯಾನು ಬಂದಿದೆ, ಐವರಿಗೂ ರಜೆ ಸಿಕ್ಕಿದೆ. ಬೆರಳು ಸರಿಹೋಗಲು ತಿಂಗಳುಗಳೇ ಬೇಕು. ಪೂರ್ತಿ ಸರಿಹೋಗುತ್ತದೆಂದು ವೈದ್ಯರೂ ಮಾತು ಕೊಟ್ಟಿಲ್ಲ.

"ಈಗ್ಲೂ ಹೊಟ್ಟೆಕಿಚ್ಚೇ. ಅವಳು ಮಂಚದ ಮೇಲೆ, ಮನೆಗೆಲಸ ಪೂರ್ತಿ ನನ್ನ ತಲೆ ಮೇಲೆ" ಎಂದು ಕೋಟಕ್ಕ ಗೊಣಗುತ್ತಾರೆ. ಬೆಳಗ್ಗೆ ಹೊರಡುವ ಮುನ್ನ ಓರಗಿತ್ತಿಗೆ ಅಂಗಿ ತೊಡಿಸಿ ಗುಂಡಿ ಹಾಕಿ ಬರುವವರೂ ಇವರೇ.

ನಿಮಗೀಗ ಏನು ಬೇಕು ಎಂದು ಕೇಳಿದರೆ ಕೈಯಲ್ಲಿದ್ದ ಕೋಟನ್ನು ಕೊಡವುತ್ತಾರೆ. "ಅವಳ ಕೋಟು ಗುಂಡಿ ಬಿಚ್ಚಿ ಬರ್ಲಿ, ಸಾಕು. ಆ ಕುರ್ಚೀಲಿ ಮತ್ತೆ ಹೋಗಿ ಕೂರ್ಲಿ. ನಾನೂ ನೆಮ್ಮದಿಯಾಗಿ ಹೊಟ್ಟೆ ಉರ್ಕೋತೀನಿ."