ಕೀಲಿ ಹಾಕದ ನೆಟ್

ನಾನು ಶಾಲೆ ಬಿಟ್ಟಿದ್ದು ೧೯೯೪ರಲ್ಲಿ, ಒಂಬತ್ತನೇ ಇಯತ್ತೆ ಅರ್ಧಕ್ಕೆ ಬಂದಿದ್ದಾಗ. ಅವತ್ತಿನಿಂದ ಇಚಲಕರಂಜಿಯ ಮಗ್ಗದ ಸಪ್ಪಳದೊಳಗೇ ದಿನ ಕಳೆದವ ನಾನು. ಮೊದಲು ಬೇರೆಯವರ ಕಾರಖಾನೆಯಲ್ಲಿ ಹರಿದ ನೂಲಿಗೆ ಗಂಟು ಹಾಕಿದೆ, ಆಮೇಲೆ ಮಗ್ಗ ನಡೆಸಿದೆ, ಆಮೇಲೆ ನನ್ನದೇ ಶೆಡ್ ಕಟ್ಟಿದೆ. ಯಾರ ಮುಂದೂ ಕೈ ಚಾಚಲಿಲ್ಲ. ಇದನ್ನ ಹೆಮ್ಮೆಯಿಂದಲೇ ಬರೀತೀನಿ. ಯಾಕೆ ಬರೀಬಾರದು?

ಚಾಚಿದ್ದು ಒಂದೇ ಸಲ, ಗಡಹಿಂಗ್ಲಜದಲ್ಲಿ, ಅದೂ ನೆಟ್‌ಗಾಗಿ. ಬಟ್ಟೆಯ ನಮೂನೆ ತೋರಿಸಲಿಕ್ಕೆ ಅಲ್ಲಿಯ ಪೇಟೆಗೆ ಹೋಗಿದ್ದೆ. ಇತ್ತ ಇನ್ನೊಬ್ಬ ವ್ಯಾಪಾರಿ ಫೋನಿನಲ್ಲಿ "ಈಗಿಂದೀಗ ಫೋಟೋ ಕಳಸ್ರಿ, ಇಲ್ಲಾಂದ್ರ ಆರ್ಡರ್ ಬೇರೆಯವರಿಗೆ" ಅಂತ ಕೂತಿದ್ದ. ನನ್ನ ಫೋನಿನ ನೆಟ್ ಸತ್ತಿತ್ತು. ಒಂದು ಅಂಗಡಿಯ ಮೆಟ್ಟಲ ಹತ್ತಿರ ನಿಂತಾಗ ಯಾವುದೋ ನೆಟ್ ತಾನೇ ಬಂದು ಹತ್ತಿತು, ಪಾಸ್‌ವರ್ಡ್ ಕೇಳಲಿಲ್ಲ. ಫೋಟೋ ಹೋಯಿತು. ಕೇಳದೆ ಬಳಸಿದ್ದು ಮನಸ್ಸಿಗೆ ಸರಿ ಬರಲಿಲ್ಲ, ಒಳಗೆ ಹೋಗಿ ಹೇಳಿದೆ. ಅಂಗಡಿಯವ ತಕ್ಕಡಿಯಿಂದ ತಲೆ ಎತ್ತದೆ, "ಘ್ಯಾ ಕೀ!" ಅಂದ. ತಗೊಳ್ರಿ, ಅದರಾಗೇನೈತಿ ಅನ್ನೋ ಹಂಗ.

ಆ ಮನುಷ್ಯನ ದೊಡ್ಡತನ ನನ್ನ ತಲೆಯಲ್ಲಿ ಉಳಿಯಿತು. ಹಾಗಾಗಿ ನಮ್ಮ ಶೆಡ್ಡಿಗೆ ನೆಟ್ ಹಾಕಲು ಬಂದವ "ಪಾಸ್‌ವರ್ಡ್ ಏನ್ ಇಡ್ಲಿರಿ ಮಾಲಕ್ರ?" ಅಂದಾಗ, "ಏನೂ ಬ್ಯಾಡ, ತೆರದ ಇಡು" ಅಂದೆ. ನಮ್ಮ ಬಾಗಿಲ ಮುಂದೆ ಹೋಗಿ ಬರೋರಿಗೆ ನೀರಿನ ಹರವಿ ಇಡೋದು ನಮ್ಮ ಮನೆತನದ ರೂಢಿ. ನೀರು ಸೋಸಿ ಇಡ್ತೀವಿ, ಆದ್ರೆ ಕುಡಿಯೋರನ್ನ ನೀ ಯಾರು ಅಂತ ಕೇಳೋದಿಲ್ಲ. ನೆಟ್‌ಗೂ ಅದೇ ಲೆಕ್ಕ ಅಂದುಕೊಂಡೆ. ನೆಟ್ ಹಾಕಲು ಬಂದವ ಅದೇ ನೆಟ್‌ಗೆ ಒಂದು ಕ್ಯಾಮೆರಾ ಕೂಡಿಸಿ, ಫೋನಿನಿಂದ ಅದನ್ನ ತಿರುಗಿಸೋದು ಹೆಂಗಂತ ತೋರಿಸಿಕೊಟ್ಟ. ನಾನು ಒಮ್ಮೆ ನೋಡಿ ಬಿಟ್ಟೆ. ಕಾರಖಾನೆ ನೋಡಲಿಕ್ಕೆ ನನಗೆ ನನ್ನ ಕಣ್ಣು ಸಾಕು.

ಶೆಡ್ಡಿನ ಮುಂದಿನ ನಮ್ಮ ಕಟ್ಟೆ ತುಂಬಿತು. ಟೆಂಪೋದವರು, ಹಮಾಲರು, ಓಣಿಯ ಹುಡುಗರು, ಎಲ್ಲರೂ ಫೋನ್ ಹಿಡಿದು ಕೂಡೋರು. ನನ್ನ ಹೆಂಡತಿ ಚುಚ್ಚೋಳು: "ಊರ ಮಂದಿಗೆಲ್ಲಾ ನೆಟ್ ಉಣಸಾಕತ್ತೀರಿ. ಎಲೆಕ್ಷನ್ಯಾಗ ನಿಂದರ್ತೀರೇನ್?" ನಾನು ನಗುತ್ತಿದ್ದೆ. ಖರೇ ಹೇಳಬೇಕಂದ್ರೆ ಆ ನಮಸ್ಕಾರಗಳು ನನಗೆ ಸೇರುತ್ತಿದ್ದವು.

ಕ್ಯಾಮೆರಾ ತಿರುಗಲು ಶುರುವಾಗಿದ್ದು ಆಮೇಲೆ. ಮಗ್ಗಗಳ ಕಡೆ ಮುಖ ಮಾಡಿ ಹಾಕಿಸಿದ್ದು, ಬರಬರುತ್ತ ಮೂಲೆಯ ಕಡೆ ವಾಲಿರುತ್ತಿತ್ತು. ಆ ಮೂಲೆಯಲ್ಲಿ ಕಾಂಡಿ ಸುತ್ತೋ ಹೆಣ್ಣುಮಕ್ಕಳು ಕೂಡೋರು. ಲಾಳಿಯೊಳಗೆ ಹಾಕೋ ನೂಲಿನ ಕಾಂಡಿ ಇಲ್ಲದಿದ್ದರೆ ಮಗ್ಗ ಬರೀ ಕಬ್ಬಿಣ. ಅವರಲ್ಲಿ ಒಬ್ಬಾಕಿಗೆ ಹಾಲು ಕುಡಿಯೋ ಕೂಸು ಇತ್ತು. ಎರಡು ಕಂಬಕ್ಕೆ ಸೀರೆ ಕಟ್ಟಿ ಜೋಳಿಗೆ ಮಾಡಿದ್ದಳು. ಗಂಡಸರು ಊಟಕ್ಕೆ ಹೊರಗೆ ಹೋದಾಗ ಅಲ್ಲೇ ಕೂತು ಮೊಲೆ ಕುಡಿಸೋಳು.

ನನಗೆ ಒಂಚೂರೂ ಸಂಶಯ ಬರಲಿಲ್ಲ. ಮಗ್ಗದ ಊರಿನವರು ಯಾರಿಗೂ ಬರ್ತಿರಲಿಲ್ಲ. ಮಗ್ಗ ನಡೆಯುವಾಗ ನೆಲ ನಡುಗುತ್ತದೆ, ಗೋಡೆಯ ಮೊಳೆ ಸಡಿಲಾಗುತ್ತದೆ, ಗಡಿಯಾರ ಓರೆಯಾಗುತ್ತದೆ. ಕ್ಯಾಮೆರಾನೂ ಅಲುಗಾಟಕ್ಕೆ ಹೊರಳಿದೆ ಅಂದುಕೊಂಡು ನಿಚ್ಚಣಿಕೆ ಹತ್ತಿ ನೆಟ್ಟಗೆ ಮಾಡುತ್ತಿದ್ದೆ. ಮರುದಿನ ಮತ್ತೆ ಮೂಲೆಗೆ. ಕಡೆಗೆ ಕಾಂಡಿಗೆ ಸುತ್ತೋ ಬಾಣಾ ನೂಲಿನ ಒಂದು ಎಳೆಯಿಂದ ಬಿಗಿದು ಕಟ್ಟಿದೆ. ಸಂಜೆಗೆ ನೂಲು ಹರಿದಿತ್ತು.

ಒಂದು ಮಧ್ಯಾಹ್ನ ಕರೆಂಟಿನ ಒಂದು ಫೇಜ್ ಹೋಯಿತು. ಮಗ್ಗ ನಿಂತವು, ದೀಪ ಮತ್ತು ನೆಟ್ ಮಾತ್ರ ನಡೀತಿದ್ದವು. ನಿಂತ ಕಾರಖಾನೆಯ ಮೌನ ಕಿವಿಗೆ ಬಡಿಯುತ್ತದೆ. ಕಾಂಡಿಯಾಕಿ ಜೋಳಿಗೆಯಿಂದ ಕೂಸನ್ನ ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ನಾನು ಆ ಕಡೆ ಬೆನ್ನು ಮಾಡಿ ಹೊರಟಾಗ ತಲೆಯ ಮೇಲೆ ಸಣ್ಣದೊಂದು ಸಪ್ಪಳ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ತಲೆ ಎತ್ತಿ ನೋಡಿದೆ. ನೆಲ ನಡುಗುತ್ತಿರಲಿಲ್ಲ. ಗಾಳಿ ಇರಲಿಲ್ಲ. ಕ್ಯಾಮೆರಾ ತಿರುಗುತ್ತಿತ್ತು. ನಿಧಾನಕ್ಕೆ ಮೂಲೆಗೆ ಬಂತು, ತುಸು ಕೆಳಗೆ ಬಾಗಿತು, ನಿಂತಿತು.

ನಿಚ್ಚಣಿಕೆ ಹತ್ತಿ ಅದರ ಮೇಲೆ ಗೋಣಿಚೀಲ ಮುಚ್ಚಿದೆ. ಆಫೀಸ್ ಖೋಲಿಗೆ ಬಂದು ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಅವ ಗೋಕುಳ ಶಿರಗಾಂವದ ಕಾರಖಾನೆಯೊಂದರಲ್ಲಿ ಮಶೀನ್ ರಿಪೇರಿ ನೋಡ್ತಾನೆ.

"ಮಾಮಾ, ಕ್ಯಾಮೆರಾದ ಪಾಸ್‌ವರ್ಡ್ ಬದಲಿ ಮಾಡಿದ್ರೇನು?"

"ಅದಕ್ಕೂ ಬ್ಯಾರೆ ಇರತೈತೇನು?"

"ಅಂದ್ರ ಡಬ್ಬಿ ಮ್ಯಾಲ ಬರದಿದ್ದ ಪಾಸ್‌ವರ್ಡೇ ಐತಿ ಅನ್ರಿ, ಅದು ಎಲ್ಲಾರಿಗೂ ಗೊತ್ತಿರತೈತಿ. ನೆಟ್‌ಗ?"

"ಇಲ್ಲ. ತೆರದ ಇಟ್ಟೇನಿ."

"ಹಂಗಾದ್ರ ಕಟ್ಟಿಮ್ಯಾಲ ಕುಂತವ್ರೆಲ್ಲಾ ನಿಮ್ಮ ಮನ್ಯಾಗ ಕುಂತಂಗ ಆತ್ರಿ. ಮೊದಲ ಆ ನೆಟ್ಟಿನ ಡಬ್ಬಿಯ ವಾಯರ್ ಕೀಳ್ರಿ."

ಕಿಟಕಿಯಿಂದ ಕಟ್ಟೆ ಕಾಣುತ್ತಿತ್ತು. ಎಲ್ಲರ ತಲೆ ಬಗ್ಗಿತ್ತು. ಅತ್ತ ನೋಡುತ್ತಲೇ ವಾಯರ್ ಕಿತ್ತೆ. ಎಲ್ಲ ತಲೆಗಳೂ ಒಮ್ಮೆಲೇ ಮೇಲೆದ್ದವು.

"ಮಾಲಕ, ನೆಟ್ ಗೇಲಂ ಕಾಯ?" ನೆಟ್ ಹೋತೇನು ಅಂತ ಒಬ್ಬ ಮರಾಠಿಯಲ್ಲಿ ಕೇಳಿ ನಕ್ಕ.

"ಬಿಲ್ ತುಂಬಿಲ್ಲೇನ್ರಿ?" ಅಂದ ಇನ್ನೊಬ್ಬ.

ಒಂದೂ ಅಪರಿಚಿತ ಮುಖ ಇರಲಿಲ್ಲ. ಯಾರನ್ನ ಹಿಡಿಯಲಿ? ಯಾರನ್ನ ಕೇಳಿದರೂ ಇಲ್ಲ ಅಂತಾರೆ, ಇಲ್ಲ ಅಂದವರೊಳಗೆ ಒಬ್ಬ ಅವನೇ. ಇಲ್ಲವೇ ಆ ಹೊತ್ತಿಗೆ ಅವ ಎದುರು ಮನೆಯ ಮಾಳಿಗೆಯ ಮೇಲೂ ಇರಬಹುದು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ನಮಸ್ಕಾರ ಮಾಡಿ ಎದ್ದು ಹೋದರು. ಎಲ್ಲರಿಗೂ ನಾನು ತಿರುಗಿ ನಮಸ್ಕಾರ ಮಾಡಿದೆ.

ಹೆಂಡತಿ ಅಂದಳು, "ಆ ಹೆಣ್ಮಕ್ಕಳಿಗೆ ಹೇಳಬ್ಯಾಡ್ರಿ. ಕ್ಯಾಮೆರಾ ತಗದ ಆತಲ್ಲ. ಹೇಳಿದ್ರ ಅವರೂ ಹೋಗ್ತಾರ, ನಿಮ್ಮ ಹೆಸರೂ ಹೋಗತೈತಿ." ಹೇಳದೆ ಇರೋದು ನನ್ನಿಂದ ಆಗಲಿಲ್ಲ. ನನ್ನ ಮಾಡಿನ ಕೆಳಗೆ ಆಗಿದ್ದು. ಮರುದಿನ ಬೆಳಿಗ್ಗೆ ಮಗ್ಗ ಹಚ್ಚೋ ಮೊದಲೇ ಹೇಳಿದೆ.

ಕೂಸಿನ ತಾಯಿ ಅಳಲಿಲ್ಲ. "ಎಂದಿನಿಂದ್ರಿ ಮಾಲಕ್ರ?" ಅಂದಳು.

"ಗೊತ್ತಿಲ್ಲವ್ವಾ."

"ನೋಡಿದ್ದು ಅವ್ರ ಫೋನ್ಯಾಗ ಉಳದಿರತೈತೇನ್ರಿ?"

ಅವಳು ಕಂಬದಿಂದ ಸೀರೆ ಬಿಚ್ಚಿದಳು. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಉಳಿದವರು ಅವಳ ಹಿಂದೆಯೇ ಹೋದರು.

ಕೊಲ್ಹಾಪುರಕ್ಕೆ ಹೋಗಿ ಸೈಬರ್ ಪೊಲೀಸರಿಗೆ ತಕ್ರಾರು ಕೊಟ್ಟೆ. ಸಾಹೇಬರು ಮರ್ಯಾದೆಯಿಂದಲೇ ಕೂಡಿಸಿದರು. ವಾಯರ್ ಕಿತ್ತಾಗಲೇ ಯಾರು ಯಾರು ಹತ್ತಿದ್ದರು ಅನ್ನೋದು ನೆಟ್ಟಿನ ಡಬ್ಬಿಯಿಂದ ಅಳಿಸಿಹೋಗಿದೆ ಅಂದರು. ಆಮೇಲೆ ಒಂದು ಮಾತು ಕೇಳಿದರು: "ನಾಳೆ ಆ ಚಿತ್ರ ಎಲ್ಲಾದ್ರೂ ಬಂತಂದ್ರ, ಮೊದಲ ಸಿಗೋದು ನಿಮ್ಮ ಕನೆಕ್ಷನ್ನಿನ ಹೆಸರ. ಗೊತ್ತೈತಲ್ಲ?" ಗೊತ್ತೈತಿ ಅಂದೆ. ಇವತ್ತಿಗೂ ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತೋ ಮೊದಲು ಪೊಲೀಸರೇನೋ ಅಂತ ಎರಡು ಸಲ ನಂಬರು ನೋಡ್ತೀನಿ. ಕೂಸಿನ ತಾಯಿಗೆ ಏನನಿಸುತ್ತದೋ, ಅದನ್ನ ಕೇಳೋ ಮುಖ ನನಗಿಲ್ಲ. ಸಂತೆಯಲ್ಲಿ ಕಂಡಾಗ ಸೆರಗು ಹೊದ್ದುಕೊಂಡು ದಾಟಿ ಹೋಗ್ತಾಳೆ.

ಈಗ ನನ್ನ ಹತ್ತಿರ ಹನ್ನೆರಡು ಮಗ್ಗ ಇವೆ, ಐದು ನಡೀತಾವೆ, ಉಳಿದವಕ್ಕೆ ಕಾಂಡಿ ಸಾಲೋದಿಲ್ಲ. ಕಾಂಡಿ ಸುತ್ತೋ ಮಶೀನು ಎರಡು. ಒಂದರ ಮುಂದೆ ನಾನು ಕೂಡ್ತೀನಿ, ಇನ್ನೊಂದರ ಮುಂದೆ ನನ್ನ ಹೆಂಡತಿ. ಕೆಲಸಕ್ಕೆ ಗಂಡಸರು ಮೂವರು. ಹೆಣ್ಣುಮಕ್ಕಳು ಯಾರೂ ಇಲ್ಲ.